ಗುಂಡಿಯಿಲ್ಲದ ಫೋನು

ತನ್ನ ಪುಟದ ನೆತ್ತಿಯಲ್ಲಿ ಮೆರ್ವಿಯ ಫೋಟೊ ಅಚ್ಚಾಗಿರುವುದನ್ನು ತೈಸ್ತೊ ಹಾಪಸಾರಿ ಮೊದಲು ನೋಡಿದ್ದು ತಾಂಪೆರೆಯ ನಗರ ಗ್ರಂಥಾಲಯದಲ್ಲಿ, ಯಾರೋ ಓದಿ ಬಿಟ್ಟುಹೋಗಿದ್ದ ವಾರಪತ್ರಿಕೆಯ ಪ್ರತಿಯಲ್ಲಿ. ಮನೆಗೆ ಬರುತ್ತಿದ್ದ ಪ್ರತಿಯನ್ನು ಅವನು ಹಿಂದಿನ ವಾರವೇ ನಿಲ್ಲಿಸಿದ್ದ. ಹದಿನಾಲ್ಕು ವರ್ಷ ಆ ವಾರಪತ್ರಿಕೆಯ ‘ಅಂಗೈ ಸುದ್ದಿ’ ಪುಟ ಅವನದಾಗಿತ್ತು. ಎರಡೇ ಸಾಲು ಅಕ್ಷರ ತೋರಿಸುತ್ತಿದ್ದ ಪುಟ್ಟ ಕಂಪ್ಯೂಟರುಗಳ ಕಾಲದಿಂದ ಹಿಡಿದು, ಕಡ್ಡಿಯಿಂದ ಪರದೆಯ ಮೇಲೆ ಬರೆಯುವ ಯಂತ್ರಗಳವರೆಗೆ, ಜೇಬಿಗೆ ಹಿಡಿಸುವ ಯಾವ ಕಂಪ್ಯೂಟರು ಬಂದರೂ ಫಿನ್‌ಲೆಂಡಿನ ಜನ ತೈಸ್ತೊ ಏನು ಬರೆಯುತ್ತಾನೆಂದು ನೋಡಿಯೇ ಕೊಳ್ಳುತ್ತಿದ್ದರು.

ಮೆರ್ವಿಯನ್ನು ಕೆಲಸಕ್ಕೆ ತೆಗೆದುಕೊಂಡವನೂ ಅವನೇ. ಯಂತ್ರ ಬಿಚ್ಚುವುದು, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಗಡಿಯಾರ ಹಿಡಿದು ಕೂರುವುದು, ಕಂಪನಿಯವರ ಮಾತಿನಲ್ಲಿ ಅರ್ಧವನ್ನು ಬಿಟ್ಟು ಬರೆಯುವುದು, ಎಲ್ಲವನ್ನೂ ಅವಳು ಕಲಿತದ್ದು ಅವನ ಮೇಜಿನ ಪಕ್ಕದಲ್ಲಿ. ಆ ವರ್ಷ, ಅಂದರೆ ಎರಡು ಸಾವಿರದ ಇಸವಿಯ ಆಗಸ್ಟಿನಲ್ಲಿ, ಸಂಪಾದಕರು ಒಂದು ಸಭೆ ಕರೆದು, ಫೋನೂ ಕೈಗಂಪ್ಯೂಟರೂ ಮುಂದೆ ಒಂದೇ ಆಗುತ್ತವೆಯೇ ಎಂದು ಕೇಳಿದರು. ಆಗುವುದಿಲ್ಲ, ಮನುಷ್ಯನಿಗೆ ಎರಡು ಜೇಬಿವೆ, ಎರಡು ಯಂತ್ರ ಇಟ್ಟುಕೊಳ್ಳುತ್ತಾನೆ ಎಂದು ತೈಸ್ತೊ ಹೇಳಿದ.

“ತೈಸ್ತೊ ಜೇಬು ಎಣಿಸ್ತಾರೆ. ನಾನು ಕೈ ಎಣಿಸ್ತೀನಿ. ಬಸ್ಸಿನಲ್ಲಿ ನಿಂತವರಿಗೆ ಖಾಲಿ ಇರೋದು ಒಂದೇ ಕೈ” ಎಂದಳು ಮೆರ್ವಿ.

ಎಲ್ಲರೂ ನಕ್ಕರು. ಸಂಪಾದಕರು ಎಲ್ಲರಿಗಿಂತ ಹೆಚ್ಚು ನಕ್ಕರು. ಸೆಪ್ಟೆಂಬರಿನಲ್ಲಿ ಪುಟ ಅವಳ ಕೈಗೆ ಹೋಯಿತು, ತೈಸ್ತೊನಿಗೆ ಓದುಗರ ಪ್ರಶ್ನೋತ್ತರದ ಅಂಕಣ ಬಂತು. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಏನು ಮಾಡಲಿ? ಕಡ್ಡಿ ಕಳೆದುಹೋಗಿದೆ, ಎಲ್ಲಿ ಸಿಗುತ್ತದೆ?

ಅವಳಿಗೆ ಪೆಟ್ಟು ಮಾಡುವ ಯೋಚನೆ ಅವನಿಗೆ ಬರಲಿಲ್ಲ. ಅವಳು ಬರೆದದ್ದನ್ನು ಜನ ನಂಬದ ಹಾಗೆ ಮಾಡಿದರೆ ಸಾಕಿತ್ತು. ಸುದ್ದಿ ಬರೆಯುವವರು ಸಾಯುವುದು ಹಾಗೆಯೇ ಎಂಬುದು ಅವನಿಗೆ ಗೊತ್ತಿತ್ತು. ಕೆಲವು ವರ್ಷಗಳ ಹಿಂದೆ ಹೆಲ್ಸಿಂಕಿಯ ಒಬ್ಬ ವರದಿಗಾರ, ಇಲ್ಲದ ಯಂತ್ರವೊಂದರ ಚಿತ್ರ ಛಾಪಿಸಿ, ಕಂಪನಿಯವರು ಅಂಥದ್ದು ಇಲ್ಲವೆಂದು ಒಂದು ಸಾಲಿನ ಹೇಳಿಕೆ ಕೊಟ್ಟದ್ದೇ ತಡ, ಸುದ್ದಿಯ ಲೋಕದಿಂದಲೇ ಹೊರಬಿದ್ದಿದ್ದ. ಈಗ ತೋಟದ ಪತ್ರಿಕೆಯೊಂದರಲ್ಲಿ ಗುಲಾಬಿ ಗಿಡ ಕತ್ತರಿಸುವ ಬಗೆ ಬರೆಯುತ್ತಿದ್ದನಂತೆ.

ಆ ವರದಿಗಾರನ ದಾರಿ ತಪ್ಪಿಸಿದ್ದು ಆಕಸ್ಮಿಕ. ಮೆರ್ವಿಯ ದಾರಿ ತಪ್ಪಿಸುವುದು ಯೋಜನೆ.

ಊರ ಹೊರಗಿನ ಗಾಜಿನ ಕಟ್ಟಡದಲ್ಲಿದ್ದ ವೆಲ್ಲಾಮೊ ಎಂಬ ಫೋನು ಕಂಪನಿ ಏನೋ ಹೊಸತು ಮಾಡುತ್ತಿದೆ ಎಂದು ಊರಿಗೆಲ್ಲ ಗೊತ್ತಿತ್ತು. ಏನು ಎಂಬುದು ಯಾರಿಗೂ ಗೊತ್ತಿರಲಿಲ್ಲ. ಮಾರುಕಟ್ಟೆಗೆ ಬರದ ವಸ್ತುವಿನ ಬಗ್ಗೆ ಅವರು ಮುಂಚಿತವಾಗಿ ಹೌದು ಎನ್ನುವುದಿಲ್ಲ, ಅಲ್ಲ ಎನ್ನುವುದೂ ಇಲ್ಲ. ಹಾಗಾಗಿ ಮೆರ್ವಿ ಫೋನು ಮಾಡಿ ವಿಚಾರಿಸಿದರೂ ಏನೂ ತಿಳಿಯುವುದಿಲ್ಲ. ಛಾಪಿಸಿದ ಮೇಲೆ ಮಾತ್ರ ಅವರು ಬಾಯಿ ಬಿಡುತ್ತಾರೆ. ಆಗ ಹೊತ್ತು ಮೀರಿರುತ್ತದೆ.

ಬೇಕಾಗಿದ್ದದ್ದು ಒಂದು ಸುಳ್ಳು ಫೋನು. ಅದರ ನಕ್ಷೆಯನ್ನು ತಾನೇ ಬರೆಯಬಾರದು ಎಂದು ತೈಸ್ತೊ ಮೊದಲ ದಿನವೇ ನಿರ್ಧರಿಸಿದ. ಹದಿನಾಲ್ಕು ವರ್ಷ ಯಾವ ಕೀಲಿ ಎಲ್ಲಿರಬೇಕು, ಪರದೆ ಎಷ್ಟಗಲ ಇರಬೇಕು ಎಂದು ವಾದ ಮಾಡಿದವನು ಅವನು. ಅವನ ರುಚಿ ಮೆರ್ವಿಗೆ ಅಂಗೈಯಂತೆ ಗೊತ್ತಿತ್ತು. ಫೋನನ್ನು ಮುಟ್ಟಿಯೇ ಇರದ ಕೈಯೊಂದು ಅದನ್ನು ಮಾಡಬೇಕಿತ್ತು.

ಪಿಸ್ಪಲಾ ಬಡಾವಣೆಯ ಸಾರ್ವಜನಿಕ ಸೌನಾದಲ್ಲಿ, ಆ ಬಿಸಿಹಬೆಯ ಸ್ನಾನದ ಕೋಣೆಯಲ್ಲಿ, ಶುಕ್ರವಾರಗಳಂದು ಮೇಲಿನ ಮೆಟ್ಟಿಲ ಮೂಲೆಯಲ್ಲಿ ಒಬ್ಬ ಮುದುಕ ಕೂರುತ್ತಿದ್ದ. ಹನ್ನೊಂದು ವರ್ಷ ಇಬ್ಬರೂ ಅದೇ ಬಿಸಿಯಲ್ಲಿ ಬೆವರಿದ್ದರು. ಕಾದ ಕಲ್ಲಿನ ಮೇಲೆ ಇನ್ನಷ್ಟು ನೀರು ಹಾಕಲೇ, ಹಾಕಿ ಎಂಬುದಕ್ಕಿಂತ ಹೆಚ್ಚು ಮಾತಾಡಿರಲಿಲ್ಲ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿರಲಿಲ್ಲ. ಮುದುಕ ಊರಿನ ಚಪ್ಪಲಿ ಕಾರ್ಖಾನೆಗಳು ಮುಚ್ಚುವವರೆಗೂ ಬೂಟಿನ ಮರದ ಅಚ್ಚು ಕೆತ್ತುತ್ತಿದ್ದನೆಂದು ತೈಸ್ತೊ ಬೇರೆಯವರಿಂದ ಕೇಳಿದ್ದ. ಒಂದು ಶುಕ್ರವಾರ ಅವನು ಮುದುಕನ ಜೊತೆಯಲ್ಲೇ ಇಳಿಜಾರಿನಲ್ಲಿ ನಡೆದು ಅವನ ಮನೆಯ ಹಿಂದಿನ ಕೆಲಸದ ಕೋಣೆಯವರೆಗೂ ಹೋದ. ಬಾಗಿಲ ಮೇಲೆ ವಿಲ್ಹೊ ಪಿರ್ತಿಮಾ ಎಂಬ ಹೆಸರಿತ್ತು. ಒಳಗೆ ಬರ್ಚ್ ಮರದ ಹೊಟ್ಟು, ಅಂಟಿನ ವಾಸನೆ.

ಮುದುಕನ ಬಾಯಿ ಕಟ್ಟಲು ತೈಸ್ತೊ ಒಂದು ಸುಳ್ಳು ಆರಿಸಿಕೊಂಡಿದ್ದ. ಇದು ವೆಲ್ಲಾಮೊ ಕೆಲಸ, ಗುಟ್ಟಿನದು, ಯಾರಿಗೂ ಹೇಳಕೂಡದು ಎಂದ. ಕೈಯಲ್ಲಿ ಹಿಡಿಯುವಂಥ ಹೊಸ ಫೋನಿನ ಒಂದು ಮರದ ಅಚ್ಚು ಬೇಕು, ಬಣ್ಣ ಹಚ್ಚಿ ನಿಜದ್ದೇ ಅನ್ನಿಸಬೇಕು.

“ರೂಪ ನಿಮಗೇ ಬಿಟ್ಟಿದ್ದು. ನಿಮ್ಮ ಕೈ ಹೇಗೆ ಹೇಳುತ್ತೋ ಹಾಗೆ” ಎಂದ.

ವಿಲ್ಹೊ ಉಳಿಯನ್ನು ಬಟ್ಟೆಯಲ್ಲಿ ಒರೆಸುತ್ತ ಅವನನ್ನು ತುಸು ಹೊತ್ತು ನೋಡಿದ. “ಬುಧವಾರ ಬನ್ನಿ” ಎಂದ. ಅಷ್ಟೇ. ಇಂಥ ಮೌನಿ ಸಿಕ್ಕಿದ್ದಕ್ಕೆ ತೈಸ್ತೊ ಮನಸ್ಸಿನಲ್ಲೇ ತನ್ನ ಬೆನ್ನು ತಟ್ಟಿಕೊಂಡ.

ಬುಧವಾರ ಮೇಜಿನ ಮೇಲೆ ಇಟ್ಟದ್ದನ್ನು ನೋಡಿ ಅವನಿಗೆ ನಗು ತಡೆಯಲಾಗಲಿಲ್ಲ. ಬೂದು ಬಣ್ಣದ, ಹೊಳೆಯಲ್ಲಿ ಸವೆದ ಕಲ್ಲಿನಂಥ ವಸ್ತು. ಹೆಬ್ಬೆರಳು ಕೂರುವಲ್ಲಿ ಸೊಂಟದ ಹಾಗೆ ಒಂದು ಒಳಬಾಗು. ಮುಂದೆ ಪೂರ್ತಿ ಗಾಜಿನಂತೆ ಹೊಳೆಯುವ ಕಪ್ಪು ಬಣ್ಣ. ಒಂದೇ ಒಂದು ಅಂಕಿಯ ಗುಂಡಿಯೂ ಇರಲಿಲ್ಲ. ಗುಂಡಿಗಳೆಲ್ಲಿ ಎಂದು ಕೇಳಿದಾಗ ಮುದುಕ, “ಇದಕ್ಕೆ ಬೇಡ” ಎಂದ. ಪಾಪ, ಫೋನು ಮಾಡಲು ನಂಬರು ಒತ್ತಬೇಕೆಂಬುದೇ ಇವನಿಗೆ ಗೊತ್ತಿಲ್ಲ ಎಂದುಕೊಂಡ ತೈಸ್ತೊ. ಗುಂಡಿಯಿಲ್ಲದ ಫೋನನ್ನು ಛಾಪಿಸಿದವಳನ್ನು ನೋಡಿ ಉತ್ತರ ಧ್ರುವದವರೆಗೆ ಜನ ನಗುತ್ತಾರೆ. ಒಂದು ಬಾಟಲಿ ಕೊನ್ಯಾಕ್ ಬ್ರಾಂಡಿ, ಎರಡು ಪೊಟ್ಟಣ ಕಾಫಿಪುಡಿ ಕೊಟ್ಟು ಅಚ್ಚನ್ನು ಚೀಲಕ್ಕೆ ಹಾಕಿಕೊಂಡ. ಮರುದಿನದಿಂದ ಆ ಸೌನಾಕ್ಕೆ ಹೋಗುವುದನ್ನೂ ನಿಲ್ಲಿಸಿದ.

ಉಳಿದದ್ದೆಲ್ಲ ಅಚ್ಚುಕಟ್ಟು. ಹಳೆಯ ಕ್ಯಾಮೆರಾದಲ್ಲಿ ಫಿಲ್ಮ್ ಹಾಕಿ ಮೂರು ಚಿತ್ರ ತೆಗೆದ, ಬೇಕೆಂದೇ ತುಸು ಮಸುಕಾಗಿ, ಕಳ್ಳತನದಿಂದ ತೆಗೆದ ಹಾಗೆ. ಸ್ನಾನದ ಕೋಣೆಗೆ ಪರದೆ ಕಟ್ಟಿ ತಾನೇ ತೊಳೆದ. ಫೋಟೊಗಳ ಅಂಚನ್ನು ಬ್ಲೇಡಿನಿಂದ ಸಮವಾಗಿ ಕತ್ತರಿಸಿದ. ಗ್ರಂಥಾಲಯದ ಯಂತ್ರದಲ್ಲಿ ಒಂದೇ ಸಾಲು ಅಚ್ಚು ಹಾಕಿಸಿದ: ವೆಲ್ಲಾಮೊ, ಬರುವ ವಸಂತ. ಮೆರ್ವಿಗೆ ಹೋಗಬೇಕಾದ ಲಕೋಟೆಯನ್ನು ಎಂಜಲು ತಾಗದಂತೆ ಒದ್ದೆ ಸ್ಪಂಜಿನಿಂದ ಅಂಟಿಸಿ, ರೈಲಿನಲ್ಲಿ ಹಾಮೆನ್‌ಲಿನ್ನಾಕ್ಕೆ ಹೋಗಿ ಅಲ್ಲಿನ ಅಂಚೆ ಡಬ್ಬಿಗೆ ಹಾಕಿ ಬಂದ. ಅಚ್ಚನ್ನೂ ನೆಗೆಟಿವನ್ನೂ ಸರೋವರದ ದಡದ ತನ್ನ ಬೇಸಿಗೆ ಮನೆಗೆ ಒಯ್ದು ಒಲೆಗೆ ಹಾಕಿದ. ಒಣ ಬರ್ಚ್ ಚೆನ್ನಾಗಿ ಉರಿಯಿತು.

ನವೆಂಬರಿನ ಎರಡನೆಯ ವಾರ ಮೆರ್ವಿ ಛಾಪಿಸಿದಳು, ಮುಖಪುಟದಲ್ಲೇ. ಕಚೇರಿಯ ಕಾಫಿ ಕೋಣೆಯಲ್ಲಿ ತೈಸ್ತೊ ಮೂರು ದಿನ ಕಾದ. ವೆಲ್ಲಾಮೊ ಮೌನವಾಗಿತ್ತು. ನಾಲ್ಕನೆಯ ದಿನ ಹೇಳಿಕೆ ಬಂತು. ಅದರಲ್ಲಿ ಅಂಥದ್ದು ಇಲ್ಲ ಎಂಬ ಮಾತು ಇರಲಿಲ್ಲ. ಮೂರು ವರ್ಷಗಳಿಂದ ಅತ್ಯಂತ ಗುಟ್ಟಾಗಿ ರೂಪಿಸುತ್ತಿದ್ದ ತಮ್ಮ ಹೊಸ ಫೋನಿನ ವಿನ್ಯಾಸ ಕಳುವಾಗಿದೆ, ಪೊಲೀಸರಿಗೆ ದೂರು ಕೊಟ್ಟಿದ್ದೇವೆ ಎಂದಿತ್ತು.

ಅವನು ಆ ಸಾಲನ್ನು ಎಷ್ಟು ಸಲ ಓದಿದರೂ ಅದು ಬದಲಾಗಲಿಲ್ಲ. ಇಂಥ ಕಾಕತಾಳೀಯವೂ ಉಂಟೇ? ಉಂಟು ಎಂದು ಒಪ್ಪಿಕೊಳ್ಳದೆ ಬೇರೆ ದಾರಿ ಇರಲಿಲ್ಲ. ಅಂಗೈ ಎಲ್ಲರದೂ ಒಂದೇ ಆಕಾರ, ಒಳ್ಳೆಯ ಕೈಗಳು ಒಂದೇ ಕಡೆಗೆ ಬಂದು ಸೇರಿವೆ ಎಂದುಕೊಂಡ. ಮೆರ್ವಿ ಛಾಪಿಸಿದ ಚಿತ್ರ ಟೋಕಿಯೊದಲ್ಲೂ ನ್ಯೂಯಾರ್ಕಿನಲ್ಲೂ ಅಚ್ಚಾಯಿತು. ಬ್ಯಾಟರಿಯ ಪ್ರಶ್ನೆಗಳಿಗೆ ಅವನು ಉತ್ತರ ಬರೆಯುತ್ತ ಕುಳಿತ.

ಡಿಸೆಂಬರಿನ ಒಂದು ಭಾನುವಾರ ಮೆರ್ವಿ ಅವನ ಮನೆಯ ಬಾಗಿಲು ತಟ್ಟಿದಳು. ಕೈಯಲ್ಲಿ ಬಿಸಿ ಪುಲ್ಲಾ ಬನ್ನಿನ ಚೀಲ. ಕಾಫಿ ಕಪ್ಪುಗಳು ಮೇಜಿಗೆ ಬಂದ ಮೇಲೆ ಹೇಳಿದಳು:

“ಕಳಿಸಿದ್ದು ನೀವೇ ಅಂತ ಗೊತ್ತು. ಹೌದು ಅನ್ನಬೇಡಿ, ಅಲ್ಲ ಅನ್ನೋದೂ ಬೇಡ. ಫೋಟೊ ಅಂಚನ್ನ ಹಾಗೆ ಸಮ ಕತ್ತರಿಸೋರು ಈ ಊರಲ್ಲಿ ಇನ್ನು ಯಾರಿದ್ದಾರೆ?”

ಅವನು ಕಪ್ಪನ್ನು ಕೆಳಗಿಟ್ಟ.

“ನಿಮ್ಮ ಪುಟ ಕಿತ್ಕೊಂಡವಳು ನಾನು. ನೀವು ನೋಡಿದ್ರೆ ನಿಮ್ಮ ಜೀವನದ ದೊಡ್ಡ ಸುದ್ದೀನ ನನಗೆ ಕೊಟ್ರಿ.” ಅವಳ ಕಣ್ಣು ಒದ್ದೆಯಾಗಿತ್ತು. “ನನ್ನ ಬಾಯಿಂದ ನಿಮ್ಮ ಹೆಸರು ಹೊರಗೆ ಬರಲ್ಲ. ಜೈಲಿಗೆ ಹಾಕಿದ್ರೂ ಬರಲ್ಲ.”

ಇಲ್ಲ, ನಿನ್ನನ್ನು ಮುಗಿಸಲೆಂದೇ ಕಳಿಸಿದೆ ಎಂದು ಹೇಳುವುದು ಹೇಗೆ? ಅವಳು ಹೋದ ಮೇಲೆ ಬನ್ನುಗಳು ಮೇಜಿನ ಮೇಲೆ ಒಣಗಿದವು. ಅವಳನ್ನು ದ್ವೇಷಿಸಲಿಕ್ಕೂ ಆಗದಂತೆ ಅವಳು ಮಾಡಿಬಿಟ್ಟಿದ್ದಳು.

ಮಾರ್ಚಿನಲ್ಲಿ ಅವಳಿಗೆ ವರ್ಷದ ಸುದ್ದಿಗಾರ್ತಿ ಎಂಬ ಪ್ರಶಸ್ತಿ ಬಂತು. ವೇದಿಕೆಯಲ್ಲಿ ಅವಳು ಕೊಟ್ಟ ಮಾತಿಗೆ ತಪ್ಪಲಿಲ್ಲ, ಹೆಸರು ಹೇಳಲಿಲ್ಲ. ತನ್ನದೆಲ್ಲವನ್ನೂ ಕೊಟ್ಟು ಏನನ್ನೂ ಕೇಳದ ಹಳೆಯ ಗುರುವಿಗೆ ಋಣಿ ಎಂದಷ್ಟೇ ಹೇಳಿ ಇಳಿದಳು. ಆ ಮಾತು ಪತ್ರಿಕೆಗಳಲ್ಲಿ ಬಂದ ಮೂರನೆಯ ಬೆಳಿಗ್ಗೆ ಹನ್ನೆಲೆ ಸಾವೊಲಾ ಎಂಬ ಪೊಲೀಸ್ ಅಧಿಕಾರಿ ತೈಸ್ತೊನ ಅಡುಗೆಮನೆಯ ಮೇಜಿನ ಮುಂದೆ ಕೂತಿದ್ದಳು.

ಅವಳು ಕೇಳಿದ್ದೆಲ್ಲ ಸಾಧಾರಣ ಪ್ರಶ್ನೆಗಳು. ವೆಲ್ಲಾಮೊದಲ್ಲಿ ಪರಿಚಯದವರು ಇದ್ದಾರೆಯೇ? ಇಲ್ಲ. ಚಿತ್ರ ಎಲ್ಲಿಂದ ಬಂತೆಂದು ಏನಾದರೂ ಅಂದಾಜು ಇದೆಯೇ? ಇಲ್ಲ. ಅವಳು ಕಾಫಿ ಮುಗಿಸಿ ಕೋಟಿನ ತೋಳಿಗೆ ಕೈ ಹಾಕುತ್ತ, ಹೊರಡುವ ಮುನ್ನ ಹೇಳಿದಳು:

“ಕದ್ದವನು ಸಿಕ್ಕರೆ ಎರಡು ವರ್ಷ ಒಳಗಿರಬೇಕಾಗುತ್ತೆ. ಕಂಪನಿಯವರು ಸುಮ್ಮನೆ ಬಿಡೋ ಹಾಗಿಲ್ಲ. ಮತ್ತೆ ಬರ್ತೀನಿ.”

ಮತ್ತೆ ಬರುತ್ತಾಳೆ. ಮೆರ್ವಿಯ ಒಂದು ಮಾತಿನ ಎಳೆ ಹಿಡಿದು ಅಂಚು ಕತ್ತರಿಸುವ ಬ್ಲೇಡಿನವರೆಗೆ ಬರುತ್ತಾಳೆ. ಆಗ ಅವನು ಕಳ್ಳನಾಗುತ್ತಾನೆ, ಮಾಡದ ಕಳವಿಗೆ. ನಾಲ್ಕು ತಿಂಗಳಿಂದ ಅವನು ಈ ಲೆಕ್ಕವನ್ನೇ ಹಾಕುತ್ತಿದ್ದ. ಕದ್ದಿಲ್ಲವೆಂದು ತೋರಿಸಲು ಇರುವುದು ಒಂದೇ ದಾರಿ: ತಾನೇ ಹುಟ್ಟಿಸಿದ್ದು ಎಂದು ಒಪ್ಪಿಕೊಳ್ಳುವುದು. ಸುಳ್ಳು ಚಿತ್ರ ಕಳಿಸಿದವನ ಮಾನ ಹೋಗುತ್ತದೆ, ಅಂಕಣವೂ ಹೋಗುತ್ತದೆ. ಮೆರ್ವಿ ಇನ್ನೆಂದೂ ಅವನ ಮುಖ ನೋಡುವುದಿಲ್ಲ. ಆದರೆ ಜೈಲಿನ ಕೋಣೆಯ ಬಾಗಿಲು ಹೊರಗಿನಿಂದ ಮುಚ್ಚುವುದಿಲ್ಲ.

“ಕೂತ್ಕೊಳ್ಳಿ” ಎಂದ. “ಕಳವೇ ಆಗಿಲ್ಲ. ಅದು ಫೋನಲ್ಲ, ಮರದ ತುಂಡು.”

ಅವಳು ಮತ್ತೆ ಕೂತಳು. ಅವನು ಮೊದಲಿಂದ ಹೇಳಿದ: ಸಭೆ, ನಗು, ಹಾಮೆನ್‌ಲಿನ್ನಾದ ಡಬ್ಬಿ, ಒಲೆ. ಹೇಳುತ್ತ ಹೇಳುತ್ತ ಅವನಿಗೆ ಎದೆ ಹಗುರಾಯಿತು. ಇಷ್ಟು ಚೊಕ್ಕವಾದ ಕೆಲಸವನ್ನು ಯಾರಿಗೂ ಹೇಳದೆ ಇಟ್ಟುಕೊಂಡದ್ದೂ ಒಂದು ಭಾರವೇ ಆಗಿತ್ತು. ಅಚ್ಚು ಸುಟ್ಟುಹೋಗಿದೆ, ಹಾಗಾದರೆ ಇದಕ್ಕೆ ಸಾಕ್ಷಿ ಯಾರು ಎಂದು ಅವಳು ಕೇಳಿದಳು.

“ಇದ್ದಾರೆ. ಪಿಸ್ಪಲಾದಲ್ಲಿ ಒಬ್ಬ ಮುದುಕ. ವಿಲ್ಹೊ ಪಿರ್ತಿಮಾ ಅಂತ. ವೆಲ್ಲಾಮೊ ಕೆಲಸ ಅಂತ ಸುಳ್ಳು ಹೇಳಿ ಅವರ ಹತ್ರ ಮಾಡಿಸಿದೆ. ಕೇಳಿ ನೋಡಿ, ಅವರು ತಮ್ಮ ಮನಸ್ಸಿಗೆ ಬಂದ ಹಾಗೆ ಕೆತ್ತಿದ್ದು.”

ಸಾವೊಲಾ ಬರೆಯುತ್ತಿದ್ದ ಪೆನ್ನು ನಿಂತಿತು. ಅವಳು ಪುಸ್ತಕದ ಹಿಂದಿನ ಹಾಳೆಗಳನ್ನು ತಿರುವಿ, ಒಂದು ಕಡೆ ಬೆರಳಿಟ್ಟು, ಅವನನ್ನು ಈಗಷ್ಟೇ ಕಂಡವಳಂತೆ ನೋಡಿದಳು. “ಅವರನ್ನ ಡಿಸೆಂಬರಿನಲ್ಲೇ ಕೇಳಿದ್ವಿ” ಎಂದಳು ಮೆಲ್ಲಗೆ. “ಫೋನು ಅಂಗೈಗೆ ಹೇಗೆ ಕೂರುತ್ತೆ ಅಂತ ನೋಡೋಕೆ ವೆಲ್ಲಾಮೊದವರು ಮೂರು ವರ್ಷದಿಂದ ಮರದ ಅಚ್ಚು ಕೆತ್ತಿಸ್ತಿರೋದು ಆ ಪಿರ್ತಿಮಾ ಹತ್ರಾನೇ. ಸೌನಾಕ್ಕೆ ಬರೋನೊಬ್ಬ ಬಂದು ಕಂಪನಿ ಕೆಲಸ, ಗುಟ್ಟು ಅಂದನಂತೆ. ಅದೇ ಫೋನಿನ ಇನ್ನೊಂದು ಅಚ್ಚು ಬೇಕು ಅಂದ್ಕೊಂಡು ಮಾಡಿಕೊಟ್ರಂತೆ. ಅವನ ಹೆಸರೊಂದು ಮಾತ್ರ ಅವರಿಗೆ ಗೊತ್ತಿರಲಿಲ್ಲ.”