ಬಲತೋಳಿನ ಲಾಂಛನ

೨೦೦೪ರ ಅಕ್ಟೋಬರ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಫಾರ್ಮಿಂಗ್ಟನ್ ಹಿಲ್ಸ್ ಪೊಲೀಸ್ ಠಾಣೆಗೆ ಡೆಸ್ಪಿನಾ ಎಂಬ ಗ್ರೀಕ್ ಮುದುಕಿ ಬಂದು, ತನ್ನ ಫೋಟೋವನ್ನು ತಿದ್ದಲಾಗಿದೆ ಎಂದು ದೂರು ಕೊಟ್ಟಳು. ದೂರು ಬರೆದುಕೊಂಡ ಕಾನ್‌ಸ್ಟೆಬಲ್ ವೋಚಿಕ್ ಅದನ್ನು ಡಿಟೆಕ್ಟಿವ್ ನೋಮಾನನ ಮೇಜಿನ ಮೇಲಿಟ್ಟು, "ವಯಸ್ಸಾಗಿದೆ. ಕಣ್ಣು ಮಂಜಾಗಿರಬೇಕು," ಎಂದ.

ನೋಮಾನ್ ಗದಗಿನಿಂದ ಹುಡುಗನಾಗಿದ್ದಾಗಲೇ ಅಮೆರಿಕದ ಮಿಶಿಗನ್ನಿಗೆ ಬಂದು, ಅಲ್ಲಿಯೇ ಓದಿ ಪೊಲೀಸನಾದವನು. ಅಪರಾಧವನ್ನು ಬಿಟ್ಟು ದೂರು ತಂದವರ ಕಣ್ಣನ್ನೇ ಮೊದಲು ಶಂಕಿಸುವ ಠಾಣೆಯ ಚಾಳಿ ಅವನಿಗೆ ಮೈಯೆಲ್ಲ ಉರಿಸುತ್ತಿತ್ತು.

"ಅವರ ಕಣ್ಣಿನ ಚಿಂತೆ ಡಾಕ್ಟರಿಗಿರಲಿ," ಎಂದು ಹೇಳಿ ಅವನು ಮುದುಕಿಯನ್ನು ಒಳಗೆ ಕರೆದ.

ಫೋಟೋ ೧೯೪೩ರದು. ಆಕೆಯ ಹಳ್ಳಿಯ ಚರ್ಚಿನ ಮುಂದೆ ಐವರು ಜರ್ಮನ್ ಸೈನಿಕರು ನಗುತ್ತ ನಿಂತಿದ್ದರು. ಊರಿನ ಸ್ಟುಡಿಯೋದವನಿಂದ ಬಲವಂತವಾಗಿ ತೆಗೆಸಿಕೊಂಡ ಚಿತ್ರವದು. ಅದೇ ಸಂಜೆ ಅವರು ಊರಿನ ಗಂಡಸರನ್ನೆಲ್ಲ ಸಾಲಾಗಿ ನಿಲ್ಲಿಸಿ ಗುಂಡಿಕ್ಕಿದರು. ಸತ್ತವರಲ್ಲಿ ಡೆಸ್ಪಿನಾಳ ಇಬ್ಬರು ಅಣ್ಣಂದಿರಿದ್ದರು.

"ಈ ಫೋಟೋ ನಿಮ್ಮ ಮನೆಯಿಂದ ಯಾವಾಗ ಹೊರಗೆ ಹೋಗಿತ್ತು?"

"ಒಮ್ಮೆ ಮಾತ್ರ. ಹೋದ ವಾರ ತಿರುಮಲೇಶ್ ಬಂದು, ಚೆನ್ನಾಗಿ ಸ್ಕ್ಯಾನ್ ಮಾಡಿಕೊಡುತ್ತೇನೆಂದು ಒಯ್ದರು."

ತಿರುಮಲೇಶನನ್ನು ನೋಮಾನ್ ಬಲ್ಲ. ಪಕ್ಕದೂರು ನೋವೈನಲ್ಲಿರುವ ಮೈಸೂರಿನ ಕಾರ್ ಎಂಜಿನಿಯರ್. ಯುದ್ಧಕಾಲದ ಸಮವಸ್ತ್ರಗಳ ಬಗ್ಗೆ ಅಪಾರ ಓದಿದವನು. ಕಳೆದ ಚಳಿಗಾಲದಲ್ಲಿ ಇದೇ ಫೋಟೋದ ನಕಲನ್ನು ನೋಡಿ, ಬಲತೋಳು ಕಾಣುವ ಒಬ್ಬನೇ ಸೈನಿಕನ ತೋಳಿನ ಮೇಲಿರುವುದು ಎಡೆಲ್‌ವೈಸ್ ಎಂಬ ಬಿಳಿ ಬೆಟ್ಟದ ಹೂವೆಂದೂ ಇವರು ಜರ್ಮನ್ ಪರ್ವತ ದಳದವರೆಂದೂ ಸ್ಥಳೀಯ ಪತ್ರಿಕೆಯಲ್ಲಿ ಬರೆದಿದ್ದ. ಅದೇ ದಳದಲ್ಲಿದ್ದ ಕೆರ್ನರ್ ಎಂಬ ಮುದುಕ ಫಾರ್ಮಿಂಗ್ಟನ್ ಹಿಲ್ಸ್ ಊರಿನಲ್ಲೇ ಇದ್ದಾನೆಂದು ಹೆಸರು ಹಿಡಿದು ಹೇಳಿದ್ದ. ಸಾಲಿನಲ್ಲಿ ಎರಡನೆಯವನು ಅವನೇ ಇರಬೇಕೆಂದೂ ಸೇರಿಸಿದ್ದ. ಅಂದಿನಿಂದ ಕೆರ್ನರನ ಕಿಟಕಿಗಳಿಗೆ ಕಲ್ಲು ಬೀಳುತ್ತಿತ್ತು. ಗಾಜು ಸಿಡಿದು ಅವನ ಹೆಂಡತಿಯ ಒಂದು ಕಣ್ಣು ಹೋಗಿತ್ತು. ಕೊನೆಗೆ ಕೆರ್ನರ್ ಕೋರ್ಟಿಗೆ ಹೋದ. ಮೂಲ ಫೋಟೋವನ್ನು ಪರಿಶೀಲನೆಗೆ ಒಪ್ಪಿಸಬೇಕೆಂದು ಹೋದ ತಿಂಗಳು ಆದೇಶವಾಗಿತ್ತು.

"ಅರವತ್ತು ವರ್ಷ ನಾನು ಆ ತೋಳನ್ನು ನೋಡಿದ್ದೇನೆ," ಎಂದಳು ಡೆಸ್ಪಿನಾ. "ಅಲ್ಲಿದ್ದದ್ದು ಕಪ್ಪು ಮಚ್ಚೆ. ಅದೇ ಹೂವು, ಮಸುಕಾಗಿದೆ ಎಂದು ಅವರು ಹೇಳಿದರು, ನಂಬಿದೆ. ಈಗ ನೋಡಿದರೆ ಬೆಳ್ಳಗೆ ಅರಳಿದೆ. ನನ್ನ ಅಣ್ಣಂದಿರ ರಕ್ತ ತಪ್ಪು ತಲೆಗೆ ಅಂಟಬಾರದು, ಆಫೀಸರ್. ಅಂಟಿದರೆ ಕೊಂದವರು ಎರಡನೆಯ ಸಲ ತಪ್ಪಿಸಿಕೊಂಡಂತೆ."

ನಮ್ಮ ಕಡೆ ಪಂಚನಾಮೆ ಎನ್ನುತ್ತಾರೆ. ಅಲ್ಲಿ ಅದಕ್ಕೆ ಬೇರೆ ಹೆಸರು, ಕೆಲಸ ಒಂದೇ. ಸಾಕ್ಷಿಗಳೆದುರು ಫೋಟೋವನ್ನು ಮೇಜಿನ ಮೇಲೆ ಮಲಗಿಸಿ, ದೀಪವನ್ನು ಪಕ್ಕದಿಂದ ಓರೆಯಾಗಿ ಬಿಟ್ಟರು. ಇಡೀ ಚಿತ್ರ ಒಂದೇ ಸಮನೆ ಮಿನುಗಿತು. ಬಲತೋಳಿನ ಲಾಂಛನವೊಂದೇ ಸುಣ್ಣದ ಚುಕ್ಕೆಯಂತೆ ಮಂಕಾಗಿ ಉಬ್ಬಿ ನಿಂತಿತು. ವೋಚಿಕ್ ಬಗ್ಗಿ ನೋಡಿದ. ಮುದುಕಿಯ ಕಣ್ಣಿನ ಮಾತನ್ನು ಮತ್ತೆ ಎತ್ತಲಿಲ್ಲ. ಹೊಸದಾಗಿ ಹಚ್ಚಿದ ಬಿಳಿ ಬಣ್ಣವೆಂದು ಪ್ರಯೋಗಾಲಯ ಬುಧವಾರ ವರದಿ ಕೊಟ್ಟಿತು. ಗುರುವಾರ ನ್ಯಾಯಾಧೀಶರು ಶೋಧನಾ ವಾರಂಟಿಗೆ ಸಹಿ ಹಾಕಿದರು.

ಶುಕ್ರವಾರ ಬೆಳಿಗ್ಗೆ ನೋವೈನ ಮನೆಯಲ್ಲಿ ತಿರುಮಲೇಶನ ಹೆಂಡತಿ ಶಾರದ ಬಾಗಿಲು ತೆರೆದರು. "ಬಾಪ್ಪ ನೋಮಾನ್. ಮನೇಲಿ ಆಮ್ನಾ ಹೇಗಿದಾಳೆ? ಕಾಫಿ ಮಾಡ್ಲಾ?"

"ಬ್ಯಾಡ್ರಿ ಆಂಟಿ. ಇವತ್ತು ಡ್ಯೂಟಿ ಮ್ಯಾಲ ಬಂದೀನಿ."

ವಾರಂಟನ್ನು ಓದಿದ ತಿರುಮಲೇಶನ ಮುಖ ಬಿಳುಚಿತು. ಆದರೂ ಬೇಸ್‌ಮೆಂಟಿಗೆ ತಾನೇ ಮುಂದಾಗಿ ಇಳಿದ. ಗೋಡೆಯ ತುಂಬ ಗಾಜಿನ ಚೌಕಟ್ಟುಗಳಲ್ಲಿ ಲಾಂಛನಗಳಿದ್ದವು. ವೋಚಿಕ್ ಕಪಾಟುಗಳನ್ನು ತೆರೆಯತೊಡಗಿದ. ಮೌನವಾಗಿರುವ ಹಕ್ಕು ನಿಮಗಿದೆ ಎಂಬುದನ್ನು ನೋಮಾನ್ ನಿಯಮದಂತೆ ಓದಿ ಹೇಳಿದ. ಆಮೇಲೆ ಕೇಳಿದ:

"ಅಂಕಲ್, ನನಗ ಇದರಾಗಿನ ಓನಾಮ ಗೊತ್ತಿಲ್ಲ. ಪರ್ವತ ದಳ ಯಾವುದು, ಲಘು ಪದಾತಿ ದಳ ಯಾವುದು, ಹೆಂಗ ಗುರುತು ಹಿಡೀಬೇಕು?"

ಮೌನ ಆ ಮನುಷ್ಯನ ಜಾಯಮಾನವಲ್ಲ. "ಕನ್‌ಫ್ಯೂಸ್ ಆಗೋದೇ ಅಲ್ಲಿ ನೋಡಪ್ಪ. ಎರಡೂ ಬಲತೋಳಿನ ಮೇಲೇ ಇರುತ್ತೆ, ಎರಡೂ ಮೊಟ್ಟೆ ಆಕಾರ, ಸುತ್ತ ಹಗ್ಗದ ಅಂಚು. ಪರ್ವತ ದಳದ್ದು ಬಿಳಿ ಹೂವು, ಫೋಟೋದಲ್ಲಿ ಬೆಳ್ಳಗೆ ಬೀಳುತ್ತೆ. ಲಘು ಪದಾತಿಯದ್ದು ಮೂರು ಓಕ್ ಎಲೆ. ಹಸಿರು ಅಲ್ವಾ, ಕಪ್ಪಗೆ ಬೀಳುತ್ತೆ."

"ಬರೇ ತೋಳಿನ ಮ್ಯಾಲ ಅಷ್ಟನ?"

"ಟೋಪಿಯ ಎಡಗಡೆ ಪುಟ್ಟದೊಂದು ಲೋಹದ್ದು ಇರುತ್ತೆ. ತೋಳಲ್ಲಿ ಹೂವಿದ್ರೆ ಟೋಪೀಲೂ ಹೂವು. ಎಲೆ ಇದ್ರೆ ಎಲೆ. ಒಂದೇ ದಳದಲ್ಲಿ ಅದು ಬೆರೆಯೋ ಹಾಗೇ ಇಲ್ಲ."

ನೋಮಾನ್ ಫೋಟೋದ ಒಂದು ಮೂಲೆಯನ್ನು ಹಿಗ್ಗಿಸಿದ ಪ್ರತಿಯನ್ನು ಮುಂದಿಟ್ಟ. ಸಾಲಿನ ಕೊನೆಯ ಸೈನಿಕ ಚರ್ಚಿನ ಕಡೆ ಮುಖ ತಿರುಗಿಸಿದ್ದರಿಂದ ಅವನ ಟೋಪಿಯ ಎಡಬದಿ ಕಾಣುತ್ತಿತ್ತು. ಅಲ್ಲಿ ಮೂರು ಎಲೆಗಳು ಸ್ಪಷ್ಟವಾಗಿದ್ದವು.

"ತೋಳಿಗೆ ಬಣ್ಣ ಹಚ್ಚಿದ್ರಿ. ಇಂವನ ಟೋಪಿ ನೋಡೋದು ಮರತ್ರಿ."

ಅಷ್ಟರಲ್ಲಿ ವೋಚಿಕ್ ಕಪಾಟಿನಿಂದ ಬಿಳಿ ಬಣ್ಣದ ಸೀಸೆಯನ್ನೂ ಕೂದಲೆಳೆಯಂಥ ಕುಂಚವನ್ನೂ ತೆಗೆದು ಚೀಲಕ್ಕೆ ಹಾಕಿ ಮೊಹರು ಮಾಡಿದ.

"ಆ ಕೆರ್ನರ್ ಏನು ಸಾಚಾನೇನೋ?" ತಿರುಮಲೇಶನ ದನಿ ಏರಿತು. "ಅವನೂ ಹಿಟ್ಲರ್ ಸೈನ್ಯದವನೇ ತಾನೆ?"

"ಅಂವ ಎಲ್ಲಿ ಏನು ಮಾಡ್ಯಾನೋ ಅದಕ್ಕ ಅಂವ ಉತ್ತರ ಕೊಡ್ಲಿ. ಆ ಗ್ರೀಕ್ ಹಳ್ಳ್ಯಾಗ ಅಂವ ಇದ್ದ ಅನ್ನಾಕ ನಿಮ್ಮ ಕೈಯಾಗಿದ್ದದ್ದು ಒಂದು ಹೂವು. ಆ ಹೂವನ್ನೂ ನೀವ ಬರದ್ರಿ." ನೋಮಾನ್ ಕೈಕೋಳ ತೆಗೆದ. "ಒಂದು ಹೆಣ್ಣುಮಗಳ ಕಣ್ಣು ಹೋತು, ಅಂಕಲ್. ಆವಾಗರ ಬಾಯಿ ಬಿಡಬೇಕಿತ್ತು. ಕುಂಚ ಹಿಡದ್ರಿ."

ಬೆಳಿಗ್ಗೆ ೧೦:೪೦ಕ್ಕೆ, ಸಾಕ್ಷ್ಯ ತಿದ್ದಿದ ಆರೋಪದ ಮೇಲೆ ತಿರುಮಲೇಶನನ್ನು ಬಂಧಿಸಲಾಯಿತು. ಶಾರದ ಮೆಟ್ಟಿಲ ಬಳಿ ನಿಂತು, "ಆ ಬಣ್ಣನ ಒರೆಸಿದ್ರೆ ಹೋಗಲ್ವೇನೋ?" ಎಂದಷ್ಟೇ ಕೇಳಿದರು.

ಆ ಮಧ್ಯಾಹ್ನದ ಹೇಳಿಕೆಯಲ್ಲಿ ಅವನು ಒಪ್ಪಿಕೊಂಡಿದ್ದಿಷ್ಟು. ಮೇ ತಿಂಗಳಲ್ಲಿ ಓಕ್ ಬ್ರೂಕ್ ಎಂಬ ಊರಿನ ಹೋಟೆಲಿನಲ್ಲಿ ಕನ್ನಡಿಗರ ಸಮಾವೇಶ ನಡೆದಾಗ, ಕೊಲೆಗಡುಕರನ್ನು ಗುರುತಿಸಿದ ವಿದ್ವಾಂಸನೆಂದು ಅವನಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ತಟ್ಟೆ ಕೊಟ್ಟಿದ್ದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತ್ತು. ಜೂನ್ ತಿಂಗಳಲ್ಲಿ ಅಸಲಿ ಓಕ್ ಎಲೆಯ ಲಾಂಛನವೊಂದನ್ನು ಕೊಂಡು ಫೋಟೋದ ನಕಲಿನ ಪಕ್ಕದಲ್ಲಿಟ್ಟಾಗ ತನ್ನ ತಪ್ಪು ತಿಳಿಯಿತು. "ಅಷ್ಟು ಜನರ ಮುಂದೆ ಸನ್ಮಾನ ಮಾಡಿಸಿಕೊಂಡು, ತಪ್ಪಾಯ್ತು ಅಂತ ಹೇಳೋದು ಹೇಗೆ?" ಎಂಬುದು ಅವನದೇ ಮಾತು. ಸನ್ಮಾನ ಮಾಡಿದವರಲ್ಲಿ ಒಬ್ಬರೂ ಫೋಟೋವನ್ನು ಕಣ್ಣಿಟ್ಟು ನೋಡಿರಲಿಲ್ಲ. ಅದೂ ಒಂದು ಪಾಪವೇ, ಆದರೆ ಅದಕ್ಕೆ ಕಾಯ್ದೆಯಲ್ಲಿ ಕಲಮಿಲ್ಲ.

ಶನಿವಾರ ನೋಮಾನ್ ಡೆಸ್ಪಿನಾಳ ಮನೆಗೆ ಹೋಗಿ ಎಲ್ಲವನ್ನೂ ತಿಳಿಸಿದ. ಫೋಟೋದಲ್ಲಿರುವವರು ಲಘು ಪದಾತಿಯವರು, ಹೆಸರುಗಳು ಇನ್ನೂ ಗೊತ್ತಿಲ್ಲ, ಮತ್ತೆ ಮೊದಲಿನಿಂದ ಹುಡುಕಬೇಕು ಎಂದ. ಆಕೆ ಕೋಟು ತೊಟ್ಟು ಬಂದು, "ಕೆರ್ನರ್ ಮನೆಗೆ ಡ್ರೈವ್ ಮಾಡಿ," ಎಂದಳು.

ಹಲಗೆ ಬಡಿದ ಕಿಟಕಿಯ ಹಿಂದೆ ಯಾರೋ ಸರಿದಂತಾಯಿತು. ಗಂಟೆ ಒತ್ತಿದರೂ ಬಾಗಿಲು ತೆರೆಯಲಿಲ್ಲ. ಡೆಸ್ಪಿನಾ ನೆಟ್ಟಗೆ ನಿಂತು, ಮುಚ್ಚಿದ ಬಾಗಿಲಿಗೇ ಗಟ್ಟಿಯಾಗಿ ಹೇಳಿದಳು:

"ಪತ್ರಿಕೆಯಲ್ಲಿ ಬಂದದ್ದನ್ನು ನಂಬಿ, ಅಂಗಡಿಯ ಮುಂದೆ ನಿಮ್ಮ ಮುಖಕ್ಕೆ ಉಗುಳಿದವಳು ನಾನು. ಅದು ತಪ್ಪಾಯಿತು."

ಪಕ್ಕದ ಮನೆಯವರು ಹೊರಗೆ ಬಂದು ನೋಡುತ್ತಿದ್ದರು. ಆಕೆ ಅವರ ಕಡೆ ತಿರುಗಿ, ಅದನ್ನೇ ಇನ್ನೊಮ್ಮೆ, ಇನ್ನೂ ಗಟ್ಟಿಯಾಗಿ ಹೇಳಿದಳು.