ನೀವೂ ಹೊರಗಿನವರೇ ಆಗಿದ್ದಿರಲ್ಲ, ಅಪ್ಪ!

"ಬಿಡಿ ಅವರನ್ನು!"

ಕಾಪು ಬಸ್ ಸ್ಟಾಪಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು. ಕೂಗಿದವಳು ಭವ್ಯಶ್ರೀ. ಎರ್ಮಾಳಿನವಳು, ಕಾರ್ಕಳದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿ.

ಮೂವರು ಗಂಡಸರು ಒಬ್ಬ ಯುವಕನ ಕಾಲರ್ ಹಿಡಿದಿದ್ದರು. ಅವನ ಬ್ಯಾಗು ಬಾಯಿ ತೆರೆದು ಬಿದ್ದಿತ್ತು. ಬಟ್ಟೆಗಳೆಲ್ಲ ರಸ್ತೆಯ ಧೂಳಿನಲ್ಲಿ.

"ನಿಮಗೆ ಎಂತ ಗೊತ್ತುಂಟು ಮೇಡಂ? ನಿನ್ನೆ ಅಂಗಡಿಯ ಬೀಗ ಒಡೆದಿದ್ದಾರೆ. ಈ ನೇಪಾಳಿ ಬಹದ್ದೂರ್‌ಗಳದ್ದೇ ಕೆಲಸ!"

"ನೀವು ನೋಡಿದ್ರಾ?"

"ನೋಡುವುದೆಂತ? ಮುಖ ಕಂಡರೆ ಗೊತ್ತಾಗುದಿಲ್ವಾ?"

ಅವಳ ಮೈ ಉರಿದು ಹೋಯಿತು! ಪರ್ಸಿನಿಂದ ಫೋನು ತೆಗೆದಳು.

"ಪೊಲೀಸರಿಗೆ ಫೋನ್ ಮಾಡ್ತೇನೆ. ಮುಖ ಕಂಡು ಕಳ್ಳ ಅಂತ ಹೇಳಿದ್ದನ್ನು ಅವರ ಎದುರಿಗೇ ಹೇಳಿ."

ಮೂವರೂ ಗೊಣಗುತ್ತಾ ಜಾರಿಕೊಂಡರು. ಭವ್ಯಶ್ರೀ ಬಗ್ಗಿ ಒಂದು ಅಂಗಿ ಎತ್ತಿಕೊಂಡಳು.

"ಬೇಡ. ನಾನೇ ಹೆಕ್ಕಿಕೊಳ್ಳುತ್ತೇನೆ." ಅವನ ಕನ್ನಡ ಸ್ವಚ್ಛವಾಗಿತ್ತು. ದನಿಯಲ್ಲಿ ಮಾತ್ರ ಬೆಂಕಿ.

"ನಾನು ಸಹಾಯಕ್ಕೆ..."

"ಅರ್ಧ ಗಂಟೆಯಿಂದ ನಾನು ಕಳ್ಳ ಅಲ್ಲ ಅಂತ ಹೇಳ್ತಾ ಇದ್ದೇನೆ. ಯಾರೂ ಕೇಳಲಿಲ್ಲ. ನೀವು ಒಂದು ಮಾತು ಹೇಳಿದಿರಿ, ಬಿಟ್ಟರು. ಅದಕ್ಕೆ ನಾನು ಖುಷಿಪಡಬೇಕಾ ಮೇಡಂ?"

ಭವ್ಯಶ್ರೀ ಅಂಗಿಯನ್ನು ಅವನ ಕೈಗಿತ್ತಳು. ಎಂತಹ ಅಹಂಕಾರ ಇವನಿಗೆ! ಎಂದುಕೊಂಡೇ ಬಸ್ ಹತ್ತಿದಳು. ಆದರೆ ಶಿರ್ವ ದಾಟುವಷ್ಟರಲ್ಲಿ ಅವನ ಮಾತೇ ಸರಿ ಎನ್ನಿಸತೊಡಗಿತ್ತು...

ಎರಡು ದಿನ ಬಿಟ್ಟು ಅಪ್ಪನ ಹೋಟೆಲಿಗೆ ಹೋದವಳು ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟಳು. ಕಾವಲಿಯ ಮುಂದೆ ಅದೇ ಯುವಕ!

"ಹೊಸ ಭಟ್ರು," ಎಂದು ಅಪ್ಪ ವಿಠಲ ನಕ್ಕರು. "ನೇಪಾಳದವ. ಮಲ್ಪೆಯಲ್ಲಿ, ಕುಂದಾಪುರದಲ್ಲಿ ಹತ್ತು ವರ್ಷ ಕೆಲಸ ಮಾಡಿದ್ದಾನೆ. ಏ ಬಹದ್ದೂರ್, ಎರಡು ಮಸಾಲೆ ಹಾಕು!"

"ನನ್ನ ಹೆಸರು ತಿಲಕ್ ಬೋಹರಾ," ಎಂದ ಅವನು, ದೋಸೆಯಿಂದ ಕಣ್ಣು ತೆಗೆಯದೆ.

ವಿಠಲ ಇಪ್ಪತ್ತೆರಡು ವರ್ಷ ಮಸ್ಕತ್ತಿನಲ್ಲಿ ದುಡಿದು ಬಂದವರು. ಹೆದ್ದಾರಿ ಬದಿಯಲ್ಲಿ ಹೋಟೆಲ್ ತೆರೆದಾಗ ಅಡುಗೆಗೆ ಊರಿನವರೊಬ್ಬರೂ ಸಿಗಲಿಲ್ಲ. ಎರ್ಮಾಳಿನ ಹುಡುಗರೆಲ್ಲ ದುಬೈ, ಕತಾರ್, ಕುವೈತ್! ಆ ಖಾಲಿ ಜಾಗವನ್ನು ತುಂಬಿದ್ದು ನೇಪಾಳದ ಹುಡುಗರು. ಅವರಿಲ್ಲದಿದ್ದರೆ ಈ ಹೆದ್ದಾರಿಯ ಅರ್ಧ ಹೋಟೆಲುಗಳಲ್ಲಿ ಬೆಳಗಿನ ಒಲೆಯೇ ಹತ್ತುತ್ತಿರಲಿಲ್ಲ.

ಕಾರ್ಕಳದ ಬಸ್ಸಿಗೆ ಮೊದಲು ಹತ್ತು ನಿಮಿಷ. ಭವ್ಯಶ್ರೀಯ ತಿಂಡಿ ಅಲ್ಲಿಯೇ ಆಗತೊಡಗಿತು. ಮೊದಲು ಜಗಳ, ಆಮೇಲೆ ಮಾತು, ಆಮೇಲೆ... ಮಾತಿಗಾಗಿಯೇ ಬೇಗ ಬರುವುದು.

"ಇವತ್ತು ಎಂತ ಪಾಠ ಮೇಡಂ?"

"ವಲಸೆ. ಹೊರದೇಶದಲ್ಲಿ ದುಡಿಯುವವರು ಕಳಿಸುವ ಹಣದಿಂದ ಊರಿನ ಆರ್ಥಿಕತೆ ಹೇಗೆ ಬದಲಾಗುತ್ತದೆ ಅಂತ."

"ಹಣ ಮಾತ್ರವಾ?" ತಿಲಕ್ ಸೌಟು ಕೆಳಗಿಟ್ಟ. "ನಮ್ಮ ಅಛಾಮ್ ಜಿಲ್ಲೆಗೆ ಬನ್ನಿ. ನನ್ನ ಹಳ್ಳಿಯಲ್ಲಿ ಹೊಲ ಉಳುವುದಕ್ಕೆ ಗಂಡಸರಿಲ್ಲ. ಹೆಣ ಹೊರುವುದಕ್ಕೂ ಪಕ್ಕದ ಹಳ್ಳಿಯವರನ್ನು ಕರೆಯಬೇಕು. ತಂಗಿ ಕಾಲೇಜಿಗೆ ಹೋಗುವುದು ನಿಮ್ಮ ಈ ಕಾವಲಿಯಿಂದ, ಅದು ನಿಜ. ಆದರೆ ಅವಳು ದೊಡ್ಡವಳಾದದ್ದನ್ನು ನಾನು ಫೋನಿನಲ್ಲಿ ನೋಡಿದ್ದು. ಇದೂ ಪಾಠದಲ್ಲಿ ಉಂಟಾ?"

ಇರಲಿಲ್ಲ. ಅಂದು ತರಗತಿಯಲ್ಲಿ ಭವ್ಯಶ್ರೀ ಪುಸ್ತಕ ಮುಚ್ಚಿಟ್ಟು ಅವನು ಹೇಳಿದ್ದನ್ನೇ ಹೇಳಿದಳು. ಹಿಂದಿನ ಬೆಂಚಿನಲ್ಲಿ ಒಬ್ಬಳು ಕಣ್ಣೊರೆಸಿಕೊಂಡಳು. ಅವಳ ತಂದೆ ಬಹರೈನಿನಲ್ಲಿದ್ದರು.

ಮಳೆಗಾಲ ಮುಗಿಯುವಷ್ಟರಲ್ಲಿ ಇಬ್ಬರಿಗೂ ಗೊತ್ತಾಗಿ ಹೋಗಿತ್ತು. ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ ಅಷ್ಟೆ. ಒಂದು ಭಾನುವಾರ ಕಾಪು ಲೈಟ್‌ಹೌಸಿನ ಬಂಡೆಯ ಮೇಲೆ ಪಕ್ಕಪಕ್ಕ ಕುಳಿತರು. ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ಕೈ ತೆಗೆಯಲಿಲ್ಲ...

ಅದನ್ನು ಯಾರೋ ನೋಡಿದರು. ಮರುದಿನ ಅಡುಗೆಮನೆಯಲ್ಲಿ ತಿಲಕ್ ಇರಲಿಲ್ಲ.

"ಊರಿಗೆ ಹೋದ," ಎಂದರು ವಿಠಲ. "ಅವನಿಗೆ ಅಲ್ಲಿ ಹೆಂಡತಿ ಉಂಟು ಮಗಳೇ. ಇವರದ್ದೆಲ್ಲ ಹೀಗೇ. ಅಲ್ಲೊಂದು ಸಂಸಾರ, ಇಲ್ಲೊಂದು ನಾಟಕ."

ಅವನ ಫೋನು ಸ್ವಿಚ್ ಆಫ್.

ಭವ್ಯಶ್ರೀ ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ಮೋಸಗಾರ! ಅಷ್ಟೆಲ್ಲ ಮಾತಾಡಿದವನು ಇದೊಂದನ್ನು ಮುಚ್ಚಿಟ್ಟನಲ್ಲ! ಅಪ್ಪ ಸುಳ್ಳು ಹೇಳಿರಬಹುದು ಎಂದು ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ.

ತಿಂಗಳೊಳಗೆ ಮನೆಗೆ ಸಂಬಂಧ ಬಂತು. ಹುಡುಗ ರೂಪೇಶ್, ದುಬೈಯಲ್ಲಿ ಕೆಲಸ; ರಜೆಯಲ್ಲಿ ಊರಿಗೆ ಬಂದವನು ತಂದೆಯೊಂದಿಗೆ ಹೆಣ್ಣು ನೋಡಲು ಬಂದಿದ್ದ. ಚಾವಡಿಯಲ್ಲಿ ಚಹಾ ಕುಡಿಯುತ್ತಾ ಅವನ ತಂದೆ ಅಲ್ಲಿಯ ಕಷ್ಟ ಹೇಳಿಕೊಂಡರು.

"ಎಷ್ಟು ವರ್ಷ ದುಡಿದರೂ ಅಲ್ಲಿ ನಾವು ಹೊರಗಿನವರೇ ಮಾರಾಯ್ರೇ. ಮರ್ಯಾದೆ ಇಲ್ಲ."

"ಅದನ್ನು ನನಗೆ ಹೇಳಬೇಕಾ?" ವಿಠಲ ನಿಟ್ಟುಸಿರುಬಿಟ್ಟರು. "ಪಾಸ್‌ಪೋರ್ಟ್ ಕೂಡ ಧಣಿಯ ಕಪಾಟಿನಲ್ಲಿ. ನನ್ನ ಅಮ್ಮ ಸತ್ತಾಗ ಬರಲಿಕ್ಕೆ ಬಿಡಲಿಲ್ಲ."

"ಇಲ್ಲಿಯೂ ಈಗ ನೇಪಾಳದವರದ್ದು ಜೋರಾಗಿದೆ, ಅಲ್ವಾ?" ಎಂದರು ರೂಪೇಶನ ತಂದೆ.

"ಹೌದು ಹೌದು. ಇಡುವಲ್ಲಿ ಇಡಬೇಕು ಅವರನ್ನು. ನನ್ನಲ್ಲಿದ್ದ ಒಬ್ಬನನ್ನು ನಿಂತ ನಿಲುವಿನಲ್ಲಿ ಓಡಿಸಿದೆ!"

ಚಹಾದ ಟ್ರೇ ಹಿಡಿದಿದ್ದ ಭವ್ಯಶ್ರೀ ಗಕ್ಕನೆ ತಿರುಗಿದಳು.

"ಓಡಿಸಿದಿರಾ? ಅವನೇ ಹೋದ ಅಂದಿರಲ್ಲ?"

ಒಳಬಾಗಿಲಲ್ಲಿ ನಿಂತಿದ್ದ ತಾಯಿ ಬೇಬಿ ಮುಂದೆ ಬಂದರು. ಗಂಡನ ಎದುರು ಎಂದೂ ದನಿ ಎತ್ತದವರು.

"ಅವನಿಗೆ ಹೆಂಡತಿ ಇಲ್ಲ ಮಗಾ. ಅದು ಸುಳ್ಳು. ನಿನಗೆ ಮದುವೆ ನಿಶ್ಚಯ ಆಗಿದೆ ಅಂತ ಅವನಿಗೂ ಸುಳ್ಳು ಹೇಳಿದ್ದಾರೆ."

"ಬೇಬಿ!"

"ನಾನು ಇಪ್ಪತ್ತೆರಡು ವರ್ಷ ಒಬ್ಬಳೇ ಕಾದೆ. ಮಸ್ಕತ್ತಿನಲ್ಲಿ ನಿಮಗೆ ಬೇರೆ ಸಂಸಾರ ಉಂಟು ಅಂತ ನೆರೆಕರೆಯವರು ಆಡಿಕೊಂಡಾಗ ನಾನು ಎಷ್ಟು ಅತ್ತಿದ್ದೇನೆ ಗೊತ್ತುಂಟಾ? ಅದೇ ಮಾತನ್ನು ನೀವು ಆ ಪಾಪದವನ ಮೇಲೆ ಹಾಕಿದಿರಿ. ಇನ್ನು ನನ್ನಿಂದ ಆಗುವುದಿಲ್ಲ."

ಭವ್ಯಶ್ರೀ ಟ್ರೇ ಕೆಳಗಿಟ್ಟಳು.

"ನೀವೂ ಹೊರಗಿನವರೇ ಆಗಿದ್ದಿರಲ್ಲ, ಅಪ್ಪ! ಅಲ್ಲಿ ಅವರು ನಿಮಗೆ ಮಾಡಿದ್ದು ಅನ್ಯಾಯ. ನೀವು ಇಲ್ಲಿ ಮಾಡಿದ್ದು ಎಂತದು? ಈ ಮನೆಯ ಒಂದೊಂದು ಕಲ್ಲೂ ಪರದೇಶದಿಂದ ಬಂದದ್ದು. ನನ್ನ ಓದೂ ಅಲ್ಲಿಂದಲೇ. ಅವನ ತಂಗಿಯೂ ಓದಬಾರದಾ? ಅವನೂ ಒಬ್ಬರ ಮನೆಯ ಮಗ ಅಲ್ವಾ?"

ವಿಠಲ ತಲೆ ಎತ್ತಲಿಲ್ಲ. ರೂಪೇಶ್ ಮೆಲ್ಲನೆ ಎದ್ದು ನಿಂತ. "ಅಪ್ಪ, ಹೋಗುವ. ಅವರು ಹೇಳಿದ್ದರಲ್ಲಿ ತಪ್ಪಿಲ್ಲ," ಎಂದ.

"ಅವನು ಮಣಿಪಾಲದಲ್ಲಿದ್ದಾನೆ," ಎಂದರು ಬೇಬಿ ಮಗಳ ಕೈ ಹಿಡಿದು. "ನೆರೆಮನೆಯ ಮೌರಿಸ್ ನಡೆಸುವ ಹಾಸ್ಟೆಲ್ ಮೆಸ್ಸಿನಲ್ಲಿ. ಅವರೇ ನನಗೆ ಹೇಳಿದ್ದು. ಹೋಗು."

ಮೆಸ್ಸಿನ ಹಿಂಬಾಗಿಲಲ್ಲಿ ತಿಲಕ್ ಬಟಾಟೆ ಸುಲಿಯುತ್ತಿದ್ದ. ಅವಳನ್ನು ನೋಡಿ ಎದ್ದ. ಮುಖ ಬಿಗಿಯಿತು.

"ಮದುವೆ ಕಾಗದ ಕೊಡಲಿಕ್ಕೆ ಬಂದದ್ದಾ ಮೇಡಂ?"

"ನನಗೆ ಯಾವ ಮದುವೆಯೂ ನಿಶ್ಚಯ ಆಗಿಲ್ಲ. ಅಪ್ಪ ನಿಮಗೆ ಹೇಳಿದ್ದು ಸುಳ್ಳು. ನಿಮಗೆ ಹೆಂಡತಿ ಇದ್ದಾಳೆ ಅಂತ ನನಗೂ ಹೇಳಿದರು."

"ನೀವು ನಂಬಿದಿರಾ?"

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

"ನಂಬಿದೆ."

ಅವನು ಮುಖ ತಿರುಗಿಸಿದ. "ಬಸ್ ಸ್ಟಾಪಿನಲ್ಲಿ ಕಾಲರ್ ಹಿಡಿದವರ ಮೇಲೆ ನನಗೆ ಇಷ್ಟು ಸಿಟ್ಟು ಬಂದಿರಲಿಲ್ಲ."

"ಬರಲಿ... ಬರಬೇಕು." ಅವಳು ಅವನ ಎದುರಿಗೇ ಹೋಗಿ ನಿಂತಳು. "ನಿಮ್ಮ ಪರವಾಗಿ ಊರೆಲ್ಲ ಜಗಳ ಮಾಡಿದೆ. ಆದರೆ ನಿಮ್ಮನ್ನು ಒಂದು ಮಾತು ಕೇಳಲಿಲ್ಲ. ಅವರಿಗೂ ನನಗೂ ಎಂತ ವ್ಯತ್ಯಾಸ? ಕ್ಷಮಿಸಿ ತಿಲಕ್."

ಒಳಗೆ ಕುಕ್ಕರ್ ಕೂಗಿತು.

"ನಾನೂ ಕೇಳಲಿಲ್ಲ," ಎಂದ ಅವನು ಕೊನೆಗೆ. "ದೊಡ್ಡ ಮನೆಯವರು, ಮದುವೆ ಆಗುವುದು ಸಹಜ ಅಂತ ನಂಬಿಬಿಟ್ಟೆ. ಸಿಮ್ ಮುರಿದು ಬಿಸಾಡಿದೆ. ತಪ್ಪು ನನ್ನದೂ ಉಂಟು."

"ನನಗೆ ನೀವು ಬೇಕು, ತಿಲಕ್. ಅಪ್ಪ ಒಪ್ಪುತ್ತಾರೋ ಇಲ್ಲವೋ... ಊರು ಎಂತ ಹೇಳುತ್ತದೋ... ಹೇಳಲಿ!"

ಅವನ ಕಣ್ಣು ತುಂಬಿತು. ಫೋನು ತೆಗೆದು ವಿಡಿಯೋ ಕಾಲ್ ಒತ್ತಿದ.

"ಯಾರಿಗೆ?"

"ಅಮ್ಮನಿಗೆ."

"ಅಯ್ಯೋ! ನನಗೆ ನೇಪಾಳಿ ಒಂದಕ್ಷರ ಬರುವುದಿಲ್ಲ!"

ತೆರೆಯ ಮೇಲೆ ಬೆಟ್ಟದ ಬಿಸಿಲು, ಸುಕ್ಕುಗಟ್ಟಿದ ಒಂದು ಮುಖ. ತಿಲಕ್ ಅವರ ಭಾಷೆಯಲ್ಲಿ ಏನೋ ಹೇಳಿದ. ಆ ತಾಯಿ ಭವ್ಯಶ್ರೀಯನ್ನೇ ದಿಟ್ಟಿಸಿ ನೋಡಿದಳು. ಆಮೇಲೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಕೇಳಿದಳು:

"ಒಣಸ್... ಆಂಡಾ?"

ಊಟ ಆಯಿತಾ ಎಂದು. ತುಳುವಿನಲ್ಲಿ! ಅಷ್ಟು ದೂರದ ಬೆಟ್ಟದ ಹಳ್ಳಿಯಿಂದ! ಮಗ ಫೋನಿನಲ್ಲಿ ಕಲಿಸಿದ್ದಿರಬೇಕು.

ಭವ್ಯಶ್ರೀ ನಗುತ್ತಲೇ ಅತ್ತುಬಿಟ್ಟಳು. "ಇಜ್ಜಿ ಅಮ್ಮ... ಇನ್ನೂ ಇಲ್ಲ."

ತಾಯಿ ಮಗನನ್ನು ಗದರಿಸಿ ಏನೋ ಅಂದಳು.

"ಎಂತ ಹೇಳಿದರು?"

"ಸೊಸೆಯನ್ನು ಉಪವಾಸ ನಿಲ್ಲಿಸಿದ್ದೀಯಾ ಅಂತ ಬೈದರು." ತಿಲಕ್ ಅವಳ ಕೆನ್ನೆಯ ಕಣ್ಣೀರು ಒರೆಸಿದ. "ಬಾ ಭವ್ಯಾ, ಊಟ ಮಾಡುವ."