ಅನಸೂಯಳ ಉರಿಬೆರಳು

೧೯೭೫ರ ಜನವರಿ. ಜರ್ಮನಿಯ ಬಾನ್ ನಗರದ ಟ್ರಾಮಿನಲ್ಲಿ ಎಲ್ಲರೂ ಚಳಿಗೆ ಮುದುಡಿ ಕುಳಿತಿದ್ದರು. ಅನಸೂಯ ಮಾತ್ರ ಕೈಗವಸು ಕಳಚಿ, ಕೆಂಪಾದ ಬೆರಳುಗಳನ್ನು ಕಿಟಕಿಯ ತಣ್ಣನೆಯ ಗಾಜಿಗೆ ಒತ್ತಿ ಹಿಡಿದಿದ್ದಳು.

“ಅಬ್ಬಾ, ಏನ್ ಉರಿ...” ಎಂದು ತನ್ನಷ್ಟಕ್ಕೇ ಗೊಣಗಿದಳು.

“ಕೈ ಸುಟ್ಕೊಂಡ್ರಾ?”

ಕನ್ನಡ! ಬೆಚ್ಚಿ ತಿರುಗಿದಳು. ಎದುರಿನ ಸೀಟಿನಲ್ಲಿ ತೊಡೆಯ ಮೇಲೆ ಹೂಕೋಸು ಇಟ್ಟುಕೊಂಡ ಎತ್ತರದ ಯುವಕ.

ಹೆಸರು ಪ್ರಭಂಜನ, ಮೈಸೂರಿನವನು, ಕೆಮಿಸ್ಟ್ರಿಯಲ್ಲಿ ಸಂಶೋಧನೆ. ಅವಳು ತುಮಕೂರಿನವಳು, ಸಂಸ್ಕೃತ ವಿಭಾಗದಲ್ಲಿದ್ದಳು. ಡಾಕ್ಟರಿಗೆ ತೋರಿಸಿ ಎಂದು ಅವನು ಹೇಳಿದ. ಚಳಿಗೆ ಹೀಗಾಗುತ್ತದೆ ಎಂದು ಅವಳು ನಕ್ಕು ಮರೆತಳು.

ಆದರೆ ಅವನನ್ನು ಮರೆಯಲಾಗಲಿಲ್ಲ. ಭಾನುವಾರಗಳು ರೈನ್ ನದಿಯ ದಂಡೆಯಲ್ಲಿ ಕಳೆದವು. ಅವನು ಮಾಡುವ ಸಾರು ವಿಪರೀತ ಹುಳಿ. ಆದರೂ ಅವಳು ಎರಡು ಸಲ ಬಡಿಸಿಕೊಳ್ಳುತ್ತಿದ್ದಳು!

ಬೇಸಿಗೆಯಲ್ಲಿ ಅವನು ಮದುವೆಯ ಮಾತೆತ್ತಿದ. ಯೋಚಿಸಿ ಹೇಳುತ್ತೇನೆಂದಳು. ಮನಸ್ಸು ಆಗಲೇ ಒಪ್ಪಿಬಿಟ್ಟಿತ್ತು.

ಅಷ್ಟರಲ್ಲಿ ಉರಿ ತಾಳಲಾಗದಷ್ಟು ಹೆಚ್ಚಿತು. ರಕ್ತ ಪರೀಕ್ಷಿಸಿದ ಡಾಕ್ಟರ್ ಲಿಂಡ್ನರ್ ಎಂಬ ಹಿರಿಯ ಮಹಿಳೆ ಜರ್ಮನ್‌ನಲ್ಲಿ ಸರಸರನೆ ಹೇಳಿದ್ದರಲ್ಲಿ ಅವಳಿಗೆ ಅರ್ಥವಾದದ್ದು ಇಷ್ಟೇ: ರಕ್ತದಲ್ಲಿ ಪ್ಲೇಟ್‌ಲೆಟ್‌ಗಳು ಮಿತಿಮೀರಿವೆ, ಮೂಳೆಯ ಮಜ್ಜೆಯನ್ನೂ ಪರೀಕ್ಷಿಸಬೇಕು.

ಅವಳ ಚಿಕ್ಕಮ್ಮ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ‘ನನಗೂ ಅದೇ... ಪ್ರಭಂಜನರ ಬದುಕನ್ನು ಯಾಕೆ ಹಾಳು ಮಾಡಲಿ?’

ಮದುವೆ ಬೇಡ, ಕಾರಣ ಕೇಳಬೇಡಿ ಎಂದುಬಿಟ್ಟಳು. ತಾನು ಅವಳಿಗೆ ಇಷ್ಟವಿಲ್ಲವೆಂದುಕೊಂಡ ಪ್ರಭಂಜನ, ರೇಗನ್ಸ್‌ಬರ್ಗ್‌ನಲ್ಲಿ ಸಿಕ್ಕ ಕೆಲಸಕ್ಕೆ ಹೊರಟುಹೋದ.

ಮಜ್ಜೆಯ ಪರೀಕ್ಷೆಯ ಫಲಿತಾಂಶ ಬಂದಾಗ ಡಾಕ್ಟರ್ ಅವಳ ಬಿಳಿಚಿದ ಮುಖ ನೋಡಿ ನಿಧಾನವಾಗಿ ವಿವರಿಸಿದರು. ಇದು ಅವಳು ಹೆದರಿದ ಕಾಯಿಲೆಯಲ್ಲ. ಮಜ್ಜೆ ಪ್ಲೇಟ್‌ಲೆಟ್‌ಗಳನ್ನು ಅತಿಯಾಗಿ ತಯಾರಿಸುತ್ತಿದೆ. ಸಣ್ಣ ರಕ್ತನಾಳಗಳಲ್ಲಿ ಅವು ಗುಂಪುಗೂಡುವುದರಿಂದ ಬೆರಳು ಉರಿಯುತ್ತದೆ. ಪೂರ್ತಿ ವಾಸಿಯಾಗದು, ಆದರೆ ಹತೋಟಿಯಲ್ಲಿಡಬಹುದು. ಸದ್ಯ ಸ್ವಲ್ಪ ಆಸ್ಪಿರಿನ್, ಆಗಾಗ ರಕ್ತಪರೀಕ್ಷೆ ಸಾಕು. ಕಣ್ಣು ಮಂಜಾದರೆ, ಕೈಕಾಲು ಸೋತರೆ, ರಕ್ತ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಬರಬೇಕು.

ಮದುವೆಯಾಗಬಹುದೇ ಎಂದು ಅನಸೂಯ ತಡವರಿಸಿ ಕೇಳಿದಳು. ಡಾಕ್ಟರ್ ನಕ್ಕರು. ಧಾರಾಳವಾಗಿ ಆಗಬಹುದು, ಮಗು ಬೇಕೆನಿಸಿದಾಗ ಮಾತ್ರ ಮೊದಲು ತನ್ನ ಬಳಿ ಬರಬೇಕು ಎಂದರು.

ಆಸ್ಪಿರಿನ್ ಶುರುವಾಗಿ ಕೆಲವೇ ದಿನಗಳಲ್ಲಿ ಉರಿ ಇಳಿಯಿತು. ಆ ಶನಿವಾರವೇ ಅವಳು ಅವನ ಗೆಳೆಯರಿಂದ ವಿಳಾಸ ಪಡೆದು ರೇಗನ್ಸ್‌ಬರ್ಗ್‌ನ ರೈಲು ಹತ್ತಿದಳು.

ಪ್ರಭಂಜನ ಬಾಗಿಲು ತೆರೆದ. ಅವಳು ಒಳಗೂ ಹೋಗದೆ, ಚಿಕ್ಕಮ್ಮನಿಂದ ಹಿಡಿದು ಆಸ್ಪಿರಿನ್‌ವರೆಗೆ ಎಲ್ಲವನ್ನೂ ಹೊಸ್ತಿಲಲ್ಲೇ ಹೇಳಿದಳು.

“ಇಷ್ಟು ದಿನ ಒಬ್ಬಳೇ ಹೆದರ್ಕೊಂಡು ಕೂತಿದ್ಯಾ?” ಅವನ ಕಣ್ಣು ತುಂಬಿತ್ತು. “ನಂಗೊಂದು ಮಾತು ಹೇಳ್ಬಾರ್ದಿತ್ತಾ, ಅನಸೂಯ?”

“ತಪ್ಪಾಯ್ತು... ನೀವಂದ್ರೆ ನಂಗೆ ಪ್ರಾಣ. ಅದಕ್ಕೇ ಹೇಳಕ್ಕಾಗ್ಲಿಲ್ಲ.” ಅವಳು ತಲೆ ತಗ್ಗಿಸಿದಳು. “ಆದ್ರೆ ಸರಿಯಾಗಿ ಯೋಚ್ನೆ ಮಾಡಿ. ಇದು ಬಿಟ್ಟು ಹೋಗೋ ಕಾಯಿಲೆ ಅಲ್ಲ. ಕೊನೇವರ್ಗೂ ನನ್ ಜೊತೇಲೇ ಇರತ್ತೆ.”

“ನಾನೂ ಬಿಟ್ಟು ಹೋಗೋನಲ್ಲ,” ಎಂದ ಪ್ರಭಂಜನ. “ಇಬ್ಬರಿಗೂ ಜಾಗ ಮಾಡ್ಕೊಡು.”

ಅನಸೂಯ ಅಳುತ್ತಲೇ ನಕ್ಕಳು.

“ಮಾಡ್ಕೊಡ್ತೀನಿ... ಮೊದ್ಲು ಒಳಗೆ ಕರೀರಿ.”